ಹಡಗಿನ್ಯಾಗ ನೆಗೆಣ್ಣಿಯ ಜಾಕೀಟು

ನಮ್ಮ ಮನೆತನದಾಗ ನಾಕು ಮಂದಿ ಕೂಡಿ ಊರು ಬಿಟ್ಟರ ಸಾಕು, ಒಂದು ಹಗರಣ ಮಾಡ್ಕೊಳ್ಳದೆ ವಾಪಸ್ ಬಂದದ್ದು ಈ ಎಪ್ಪತ್ತು ವರ್ಷದಾಗ ನಾ ನೋಡಿಲ್ಲ. ದೇವರಾಣಿ, ನಾ ಏನೂ ಮಾಡಂಗಿಲ್ಲ. ಬರೇ ಬಾಜೂಕ ನಿಂತಿರ್ತೀನಿ.

ನನ್ನ ಮೈದುನಂದು ಸೇಡಂನಾಗ ಸಿಮೆಂಟಿನ ಅಂಗಡಿ. ಚೀಲ ಭಾಳ ಮಾರಿದನಂತ ಫ್ಯಾಕ್ಟರಿಯವರು ಮುಂಬೈಲಿಂದ ಗೋವಾಕ್ಕ ಹಡಗಿನ್ಯಾಗ ತಿರುಗಾಡ್ಲಿಕ್ಕ ನಾಕು ಟಿಕೀಟು ಕೊಟ್ರು. ಅವನ ಮಗ ಅಂಗಡಿ ಬಿಟ್ಟು ಬರಂಗಿಲ್ಲ ಅಂದ. ಹಂಗಾಗಿ ಹೊಂಟವರು ಮೈದುನ, ಅವನ ಹೆಂಡತಿ ಅಂದ್ರ ನನ್ನ ನೆಗೆಣ್ಣಿ, ಅವರ ಸೊಸಿ. ನಾಕನೇದಾಕಿ ವಾಡಿಯಾಗ ಖಾಲಿ ಕುಂತಿದ್ದ ನಾನು.

ಕಳವಾದ ಬಂಗಾರ

ಮೊದ್ಲ ಒಂದು ಗುಟ್ಟು. ಸೊಸಿ ಮನಿಗೆ ಬಂದ ವರ್ಷ ನೆಗೆಣ್ಣಿ ತನ್ನ ಕೊಳ್ಳಾಗಿನ ಬೋರಮಾಳ, ಕೈಯಾಗಿನ ಪಾಟ್ಲಿ ಎಲ್ಲಾ ವಾಡಿ ಸ್ಟೇಷನ್ನಿನ್ಯಾಗ ಕಳವಾತು ಅಂತ ಎದಿ ಬಡ್ಕೊಂಡು ಅತ್ತಿದ್ಳು. ಕಳವೂ ಇಲ್ಲ, ಗಿಳವೂ ಇಲ್ಲ. ಸೊಸಿಗೆ ಒಂದು ಗುಂಡೂ ಕೊಡಬಾರದಂತ ಮಾಡಿದ ನಾಟಕ ಅದು. ಬಂಗಾರ ಜೋಳದ ಹಿಟ್ಟಿನ ಡಬ್ಬಿಯಾಗ ಆರಾಮ ಮಲಗಿತ್ತು. ಗೊತ್ತಿದ್ದದ್ದು ನನಗೊಬ್ಬಾಕಿಗೆ. ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಚಿತ್ತಾಪುರದ ನಮ್ಮ ತಂಗಿಗೆ, ಶಹಾಬಾದಿನ ಬೀಗ್ತಿಗೆ ಹೇಳೀನಿ, ಅಷ್ಟೇ.

ನಾವಿಲ್ಲದಾಗ ಮಗ ಹಿಟ್ಟಿನ ಡಬ್ಬಿಗೆ ಕೈ ಹಾಕಿದ್ರ? ಅದಕ್ಕ ನೆಗೆಣ್ಣಿ ಬಂಗಾರ ಒಂದು ಅರಿವ್ಯಾಗ ಗಂಟು ಕಟ್ಟಿ ಸ್ವಂಟಕ್ಕ ಸಿಗಿಸ್ಕೊಂಡಳು. "ಅಕ್ಕಾ, ಇವರಿಗೇನರೆ ಗೊತ್ತಾದ್ರ ಆ ಸೊಸಿ ಮುಂದ ಜಲ್ಮ ಇರೋತನಕ ನನ್ನ ಮಾರಿ ಮ್ಯಾಲೇಳಂಗಿಲ್ಲ" ಅಂದ್ಳು. "ನನ್ನ ಮ್ಯಾಲ ಭರೋಸಾ ಇಡು" ಅಂದೆ. ಪಾಪ, ಇಟ್ಟಳು.

ಹಡಗಿನ ಗಾಲಿ

ನಮ್ಮ ಕಡಿ ಹೊಸಾ ಟ್ರ್ಯಾಕ್ಟರ್ ತಂದ್ರೂ, ದೂರದ ಊರಿಗೆ ಜೀಪು ಹೊಂಟ್ರೂ ಗಾಲಿ ತಳಗ ನಿಂಬಿಹಣ್ಣು ಇಡ್ತೀವಿ. ಮೈದುನ ಮನಿಯಿಂದ ನಾಕು ನಿಂಬಿಹಣ್ಣು ತಂದಿದ್ದ. ಮುಂಬೈ ಬಂದರಿನ್ಯಾಗ ಬಿಳೇ ಅಂಗಿಯವನೊಬ್ಬನ್ನ ಹಿಡದು, "ಭೈಯಾ, ಇಸ್ಕಾ ಅಗ್ಲಾ ಪೈಯಾ ಕಿಧರ್ ಹೈ?" ಅಂತ ಕೇಳಿದ.

ಅಂವ ಇವನ್ನ ಮ್ಯಾಲಿಂದ ತಳಗಿನತನಕ ನೋಡಿ, ಹಡಗಕ್ಕ ಗಾಲಿ ಇರಂಗಿಲ್ಲ ಅಂದ.

ಮೈದುನನ ಮಾರಿ ಇಷ್ಟಾತು. ನನ್ನ ಕಿವ್ಯಾಗ ಅಂದ, "ವೈನಿ, ಗಾಲಿನೇ ಇಲ್ಲಂತ. ಮತ್ತ ಬ್ರೇಕ್ ಹ್ಯಾಂಗ ಹೊಡೀತಾರ?"

ಮೊಳಕಾಲಿನ ಕಬ್ಬಿಣ

ಒಳಗ ಹೋಗೋ ಮುಂದ ಒಂದು ಬಾಗಲದ ಚೌಕಟ್ಟಿನ್ಯಾಗ ಹಾಯಬೇಕು. ನಾವು ಮೂವರು ಹಾಯ್ದೀವಿ, ಸುಮ್ಮನಿತ್ತು. ನೆಗೆಣ್ಣಿ ಕಾಲಿಟ್ಟಳು ನೋಡ್ರಿ, ಕುಂಯ್ ಕುಂಯ್ ಅಂತ ಒದರ್ಲಿಕತ್ತಿತು. ಪೊಲೀಸ್ ಅಂಗಿಯ ಹೆಣ್ಮಗಳು ಪರದೆ ಹಿಂದ ಕರ್ಕೊಂಡು ಹೋಗಿ, ಗಂಟು ಬಿಚ್ಚಿ ನೋಡಿ, ಬಂಗಾರ ತಾನೇ ಅಂತ ಬಿಟ್ಟು ಕಳಿಸಿದ್ಳು.

ಹೊರಗ ಗಂಡ ನಿಂತಿದ್ದ. "ಯಾಕ ಒದರಿತು?"

"ಮೊಳಕಾಲಾಗ ಕಬ್ಬಿಣದ ರಾಡ್ ಅದ."

"ಯಾವಾಗ ಹಾಕ್ಸಿದಿ?"

"ನಿಮಗ ಅಂಗಡಿ ಬಿಟ್ಟು ಮನಿ ಸುದ್ದಿ ಏನ್ ಗೊತ್ತದ?"

ಮೈದುನ ಕಣ್ಣಾಗ ನೀರು ತಂದ್ಕೊಂಡ. ಅಲ್ಲಿಂದ ನೆಗೆಣ್ಣಿ ಕುಂಟಿದ್ದೇ ಕುಂಟಿದ್ದು. ಅದೂ ಒಮ್ಮೆ ಎಡಗಾಲು, ಒಮ್ಮೆ ಬಲಗಾಲು.

ಲಂಗ ತುಂಬಿದ ಜಾಕೀಟು

ನಮಗೆಲ್ಲರಿಗೂ ಒಂದೇ ಖೋಲಿ. ಅಲ್ಲಿ ಬಂಗಾರ ಇಡ್ಲಿಕ್ಕ ಗೋಡ್ಯಾಗ ಕಬ್ಬಿಣದ ಪೆಟ್ಟಿಗಿ ಇತ್ತು. ಖರೆ, ಅದರ ನಂಬರು ಹಾಕ್ಲಿಕ್ಕ ಬರ್ತಿದ್ದದ್ದು ಸೊಸಿಗೆ ಒಬ್ಬಾಕಿಗೆ. ನೆಗೆಣ್ಣಿ ಕಣ್ಣು ಕಪಾಟಿನ್ಯಾಗಿನ ಕೇಸರಿ ಜಾಕೀಟಿನ ಮ್ಯಾಲ ಬಿತ್ತು. ಹಡಗ ಮುಳಗಿದ್ರ ಹಾಕ್ಕೊಳ್ಳೋವು ಅವು.

ಸೊಸಿ, ಮೈದುನ ಸಮುದ್ರ ನೋಡ್ಲಿಕ್ಕ ಹೋದಾಗ ಈಕಿ ತನ್ನ ಜಾಕೀಟಿನ ಹೊಲಿಗಿ ಹಲ್ಲಿಲೆ ಬಿಚ್ಚಿ, ಒಳಗಿನ ಬಿಳೇ ಸ್ಪಂಜು ಎಲ್ಲಾ ತಗದು ಗಾದಿ ತಳಗ ತುರುಕಿದ್ಳು. ಆ ಜಾಗಾದಾಗ ಬಂಗಾರದ ಗಂಟು ಇಟ್ಟು, ಉಬ್ಬಿ ಕಾಣ್ಲಿ ಅಂತ ಎರಡು ಲಂಗ ತುಂಬಿದ್ಳು. ಸೂಜಿ-ದಾರ ನಾನೇ ಕೊಟ್ಟೆ. ಕೇಳಿದಾಗ ಇಲ್ಲನ್ನೋದು ನನಗ ಬರಂಗಿಲ್ಲ.

"ಸ್ಪಂಜು ಇಲ್ಲದ ತೇಲ್ತದೇನ?" ಅಂದೆ.

"ಹಡಗ ಮುಳಗಿದ್ರೂ ಬಂಗಾರ ನನ್ನ ಎದಿ ಮ್ಯಾಲ ಇರ್ತದಲ್ಲಕ್ಕಾ!" ಅಂದ್ಳು. ತಾನು ಎಲ್ಲಿರ್ತೀನಿ ಅಂತ ಆಕಿ ವಿಚಾರ ಮಾಡಿದ್ದಿಲ್ಲ.

ಗಂಟಿ ಬಡೀತು

ಹೊಲಿಗಿ ಮುಗಿದು ದಾರ ಕಡಿಯೋದಕ್ಕ ಗಂಟಿ ಬಡೀತು. ಹಡಗ ಬಿಡೋ ಮೊದ್ಲ ಎಲ್ಲಾರೂ ಜಾಕೀಟು ತಗೊಂಡು ಮ್ಯಾಲ ಬರ್ರಿ, ಜೀವ ಉಳಿಸ್ಕೊಳ್ಳೋದು ಹ್ಯಾಂಗ ಅಂತ ಕಲಿಸ್ತೀವಿ ಅಂತ ಕರದ್ರು. ಮ್ಯಾಲ ಈಸೋ ಹೊಂಡದ ಸುತ್ತ ಎಲ್ಲಾ ಊರಿನ ಸಿಮೆಂಟಿನವರೂ ಸಾಲಾಗಿ ನಿಂತೀವಿ.

ಕಲಿಸ್ಲಿಕ್ಕ ಬಂದ ಹಡಗಿನ ಸಾಹೇಬ ಹಿಂದಿಯಾಗ ಹೇಳಿದ, "ಅಂಜಬ್ಯಾಡ್ರಿ. ಇದನ್ನ ಹಾಕ್ಕೊಂಡವರು ಮುಳಗಬೇಕಂದ್ರೂ ಮುಳಗಂಗಿಲ್ಲ."

ಗಾಲಿ ಇಲ್ಲದ ಹಡಗದ ಮ್ಯಾಲ ನಮ್ಮ ಮೈದುನಗ ಮೊದ್ಲೇ ಭರೋಸಾ ಇಲ್ಲ. "ತೋರ್ಸ್ರಿ ನೋಡಮು" ಅಂದ.

ಸಾಹೇಬ ನಕ್ಕು, ಎದುರಿಗಿದ್ದ ನೆಗೆಣ್ಣಿ ಕೈಯಾಗಿನ ಜಾಕೀಟಿಗೇ ಕೈ ಹಾಕಿದ. ಈಕಿ ಬಿಡವಲ್ಲಳು. "ನಂದು ಬ್ಯಾಡೋ ಯಪ್ಪಾ, ನನ್ನ ಗಂಡಂದು ಒಗಿ!" ಅಂವಗ ಕನ್ನಡ ಎಲ್ಲಿ ಬರ್ತದ? ಕಸ್ಕೊಂಡವನೇ ಹೊಂಡಕ್ಕ ಒಗದ.

ಒಂದು ಗಳಿಗಿ ತೇಲಿದಂಗ ಮಾಡಿತು. ಲಂಗ ನೀರು ಕುಡದ್ವು. ಗುಳ್ಳಿ ಬಿಟ್ಗೋತ ತಳಕ್ಕ ಹೋಗಿ ಕುಂತಿತು.

ಸಾಹೇಬನ ಬಾಯಿ ತೆರದದ್ದು ತೆರದಂಗೇ ಉಳೀತು. ಚಿಂಚೋಳಿಯ ಅಂಗಡಿಯವ ತನ್ನ ಜಾಕೀಟು ಕಿತ್ತು ಒಗದು, "ಇಳೀರಿ, ಇಳೀರಿ! ಹಡಗ ಇನ್ನಾ ಬಿಟ್ಟಿಲ್ಲ!" ಅಂತ ಮೆಟ್ಟಿಲ ಕಡಿ ಓಡಿದ. ಅವನ ಹಿಂದ ಅರ್ಧ ತಾಲೂಕು ಓಡಿತು.

ನೆಗೆಣ್ಣಿ? ರಾಡ್ ಹಾಕ್ಸಿದಾಕಿ ಕಚ್ಚಿ ಕಟ್ಟಿ ಎರಡೂ ಕಾಲಿಲೆ ಹೊಂಡಕ್ಕ ಹಾರಿದ್ಳು. ನೀರು ಎದಿಮಟ ಇತ್ತು, ಬಚಾವ್. ಮ್ಯಾಲೆದ್ದಾಗ ನಾವಿಬ್ಬರು ಹಾಕಿದ ಹೊಲಿಗಿ ಹರಿದು ಒಂದು ಲಂಗ ಆ ಕಡಿ, ಒಂದು ಈ ಕಡಿ ತೇಲ್ಲಿಕತ್ತಿತ್ತು. ಗಂಟು ಬಿಚ್ಚಿ ಬೋರಮಾಳ ಆಕಿ ಕೈಯಾಗ ಝಗಝಗ ಜೋತಾಡ್ಲಿಕತ್ತಿತ್ತು.

ಮೈದುನ ಕಣ್ಣು ತಿಕ್ಕೊಂಡು ನೋಡಿದ. "ಇದು ವಾಡಿಯಾಗ ಕಳವಾದದ್ದಲ್ಲ?"

ನಾ ನಗು ತಡೀಲಿಕ್ಕ ಸೆರಗು ಬಾಯಾಗ ತುರುಕ್ಕೊಂಡೆ. ನೆಗೆಣ್ಣಿ ಮಾರಿ ಮ್ಯಾಲಿನ ನೀರು ಒರಸ್ಕೊಂಡು ಒದರಿದ್ಳು, "ಹೌದ್ರಿ! ನೋಡ್ರಿ, ಆ ಕಳ್ಳ ಇದೇ ಹಡಗಿನ್ಯಾಗ ಅದಾನ!"

ಸೊಸಿ ಭಾಳ ಶಾಣ್ಯಾ. ಬಗ್ಗಿ ಅತ್ತಿಗೆ ಕೈ ಕೊಟ್ಟು ಮ್ಯಾಲ ಎಳಕೊಂಡ್ಳು. ಹಂಗೇ ಮೆಲ್ಲಕ ಬೋರಮಾಳ ಬಿಡಿಸ್ಕೊಂಡು ತನ್ನ ಕೊಳ್ಳಾಗ ಹಾಕ್ಕೊಂಡ್ಳು.

"ಅತ್ತಿ, ಕಳ್ಳ ಇಲ್ಲೇ ಅದಾನಂದ್ರ ನಿಮ್ಮ ಹತ್ರ ಇಡೋದು ಛಲೋ ಅಲ್ಲ. ಅಂವ ಸಿಗೋತನಕ ನಾ ಹಾಕ್ಕೊಂಡಿರ್ತೀನಿ."

ಊರಿಗೆ ಬಂದು ಎಂಟು ತಿಂಗಳಾತು. ಬೋರಮಾಳ ಸೊಸಿ ಕೊಳ್ಳಾಗೇ ಅದ. ಮೈದುನ ಪಾಪ, ಪೊಲೀಸರಿಗೆ ಹೇಳಿ ಕಳ್ಳನ್ನ ಹುಡುಕಸಮು ಅಂತಾನ. ಅತ್ತಿ, ಸೊಸಿ ಇಬ್ಬರೂ ಕೂಡೇ "ಬ್ಯಾಡ" ಅಂತಾರ. ಆ ಮನ್ಯಾಗ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.