ಒಂಬತ್ತನೇ ಮಹಡಿಗೂ ಒಮ್ಮೆ ದಯಮಾಡಿಸಿ

ಮಾನ್ಯ ಲಿಫ್ಟ್ ಮಹಾಶಯರೇ,

ಏರುವಾಗ ಬೀಗದ, ಇಳಿಯುವಾಗ ಕುಗ್ಗದ ತಮ್ಮಂಥ ಸ್ಥಿತಪ್ರಜ್ಞರಿಗೆ ಒಂಬತ್ತನೇ ಮಹಡಿಯ ದರ್ಜಿಯಾದ ನನ್ನ ನಮಸ್ಕಾರಗಳು. ತಾವು ನಮ್ಮಲ್ಲಿಗೆ ಬರುವುದು ಅಪರೂಪವಾದ್ದರಿಂದ ಈ ಪತ್ರವನ್ನು ನೆಲಮಹಡಿಯಲ್ಲಿ ತಮ್ಮ ಬಾಗಿಲ ಪಕ್ಕದಲ್ಲೇ ಅಂಟಿಸುತ್ತಿದ್ದೇನೆ.

ಕಳೆದ ಸೋಮವಾರ ನಮ್ಮ ಅತ್ತೆಯವರ ಮಂಡಿಯ ಹೊಲಿಗೆ ಬಿಚ್ಚಿಸಲು ಹತ್ತು ಗಂಟೆಗೆ ಆಸ್ಪತ್ರೆಯಲ್ಲಿರಬೇಕಿತ್ತು. ಒಂಬತ್ತೂ ಕಾಲಿಗೇ ಗುಂಡಿ ಒತ್ತಿದೆ. ತಾವು ನೆಲದಿಂದ ಎರಡಕ್ಕೆ, ಎರಡರಿಂದ ನೆಲಕ್ಕೆ, ಅಲ್ಲಿಂದ ಮೂರಕ್ಕೆ ಲಾಳಿಯಂತೆ ಓಡಾಡುತ್ತಿದ್ದಿರಿ. ಎರಡರಲ್ಲಿ ಡ್ಯಾನ್ಸ್ ಕ್ಲಾಸು, ಮೂರರಲ್ಲಿ ಹಲ್ಲಿನ ಡಾಕ್ಟರು. ಕರೆಯುವವರಿಗೆ ಬರವಿಲ್ಲ, ಹತ್ತಿರದವರು ಕರೆದರೆ ಇಲ್ಲವೆನ್ನಲಾಗದ ತಮ್ಮ ದಾಕ್ಷಿಣ್ಯಕ್ಕೂ ಕೊನೆಯಿಲ್ಲ. ಅತ್ತೆ ಕಾರಿಡಾರಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತರು. ಒತ್ತಿದ ಗುಂಡಿಗೆ ಫಲ ಕಾಣದೆ ನಾನು ಗಿರಾಕಿಗಳ ಅಂಗಿಗೆ ಗುಂಡಿ ಹಚ್ಚುತ್ತಾ ನಿಂತೆ.

ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, "ಅದು ಹತ್ತಿರದ ಕರೆಗೇ ಮೊದಲು ಹೋಗತ್ತೆ ಮೇಡಂ. ಆದ್ರೆ ಯಾರನ್ನೂ ಮರೆಯಲ್ಲ, ಎಂದಾದ್ರೂ ಬಂದೇ ಬರತ್ತೆ," ಎಂದರು. ದೇವರ ಬಗ್ಗೆಯೂ ಜನ ಇಷ್ಟೇ ಭರವಸೆ ಕೊಡುತ್ತಾರೆ. ಆದರೆ ದೇವರನ್ನು ನಂಬಿ ಯಾರೂ ಹತ್ತು ಗಂಟೆಗೆ ಆಸ್ಪತ್ರೆಗೆ ಹೊರಡುವುದಿಲ್ಲ.

ಹತ್ತಕ್ಕೆ ಹತ್ತು ನಿಮಿಷವಿರುವಾಗ ಅತ್ತೆ ಎದ್ದೇಬಿಟ್ಟರು. "ನಡಿ, ಮೆಟ್ಟಿಲಲ್ಲೇ ಇಳಿಯೋಣ. ಹೊಲಿಗೆ ದಾರೀಲೇ ಬಿಚ್ಚಿಕೊಂಡ್ರೆ ಡಾಕ್ಟರಿಗೆ ಕೆಲಸ ಉಳಿಯತ್ತೆ!" ಅವರನ್ನು ಬಲವಂತವಾಗಿ ಕೂರಿಸಿ, ಉಸಿರು ಬಿಡದೆ ಎರಡನೇ ಮಹಡಿಗೆ ಓಡಿ ಡ್ಯಾನ್ಸ್ ಟೀಚರಿಗೆ ವಿಷಯ ತಿಳಿಸಿದೆ. ಆ ಪುಣ್ಯಾತ್ಗಿತ್ತಿ, "ಯಾರೂ ಗುಂಡಿ ಮುಟ್ಟಕೂಡದು!" ಎಂದು ಇಪ್ಪತ್ತು ಶಿಷ್ಯೆಯರನ್ನು ಗದರಿ, ಮೂರಕ್ಕೂ ಹತ್ತಿ, ಕೆನ್ನೆ ಹಿಡಿದು ನಿಂತವರನ್ನೂ ತಡೆದರು. ಕರೆಯುವವರೇ ಇಲ್ಲವಾದಾಗ ತಮಗೆ ಒಂಬತ್ತರ ನೆನಪಾಯಿತು. ಅತ್ತೆ ಕೆಳಗಿಳಿದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅವರೋ ಗೆದ್ದು ಬಂದ ಮಂತ್ರಿಯಂತೆ ಕೈಬೀಸಿದರು. ಹತ್ತೂ ಕಾಲಿಗೆ ಆಸ್ಪತ್ರೆ ಸೇರಿದೆವು, ಕೆಲಸವೂ ಆಯಿತು.

ಆದ್ದರಿಂದ ನನ್ನ ವಿನಂತಿ ಇಷ್ಟೇ: ಮೊದಲು ಕರೆದವರಲ್ಲಿಗೆ ಮೊದಲು ದಯಮಾಡಿಸಿ, ಅದು ತಮ್ಮ ಘನತೆಗೆ ಕುಂದೆನಿಸಿದರೆ ಒಂಬತ್ತನೇ ಮಹಡಿಯನ್ನು ಎತ್ತಿ ಒಂದಕ್ಕೂ ಎರಡಕ್ಕೂ ನಡುವೆ ಇಟ್ಟುಕೊಡಿ.

ಮೆಟ್ಟಿಲುಗಳನ್ನೂ ಅಷ್ಟೇ ನಂಬಿರುವ ತಮ್ಮ ವಿಶ್ವಾಸಿ,
ಒಂಬತ್ತನೇ ಮಹಡಿಯ ದರ್ಜಿ

ತಾ.ಕ.: ಈ ಪತ್ರ ಎರಡು ದಿನ ಹೊಲಿಗೆ ಯಂತ್ರದ ಮೇಲೇ ಉಳಿಯಿತು; ಅಷ್ಟರಲ್ಲಿ ಮೆಕ್ಯಾನಿಕ್ ಬಂದು ತಮಗೆ ಸರದಿ ಪಾಲಿಸುವುದನ್ನು ಕಲಿಸಿಹೋದರು. ಈಗ ಕಾಯುವವರು ಎರಡನೇ ಮಹಡಿಯವರಂತೆ. ತಮ್ಮ ಮೇಲೊಂದು ದೂರು ಬರೆದುಕೊಡಿ ಎಂದು ಡ್ಯಾನ್ಸ್ ಟೀಚರೇ ಕೇಳಿದ್ದಾರೆ, ಉಪಕಾರ ಮರೆಯಲಾದೀತೇ? ಇದರಲ್ಲೇ ಮಹಡಿಯ ಸಂಖ್ಯೆಯೊಂದನ್ನು ತಿದ್ದಿ ಕೊಡುತ್ತಿದ್ದೇನೆ.