ತ್ಸುಬಾಕಿ ಗಿಡದ ಕಾವಲು

ಹೂ ಕೊಂಡು ತಂದು ಪೂಜೆ ಮಾಡುವುದು ಸೋಮಾರಿಗಳ ಕೆಲಸ. ಅಕ್ಕಪಕ್ಕದ ಕಾಂಪೌಂಡಿನಿಂದ ಕಿತ್ತು ತಂದರೇ ಪುಣ್ಯ. ಮೈಸೂರಿನ ನಮ್ಮ ಬೀದಿಯ ಈ ಸಿದ್ಧಾಂತವನ್ನು ನಾನು ಜಪಾನಿಗೂ ಹೊತ್ತು ತಂದಿದ್ದೆ. ಕೊರೊನಾ ಕಾಲದ ಚಳಿಗಾಲ. ಫುನಾಬೊರಿಯ ನಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ತ್ಸುಬಾಕಿ ಗಿಡವೊಂದು ಮೈತುಂಬ ಕೆಂಪು ಹೂ ಬಿಟ್ಟುಕೊಂಡು ನಿಂತಿತ್ತು. ಕೇಳುವವರೇ ಇಲ್ಲ! ದಿನಾ ಬೆಳಗ್ಗೆ ಮಾಸ್ಕ್ ಏರಿಸಿಕೊಂಡು ಹೋಗಿ ಬುಟ್ಟಿ ತುಂಬಿಸಿಕೊಂಡು ಬಂದೆ. ನಮ್ಮ ಗಣಪತಿಯ ಸೊಂಡಿಲಷ್ಟೇ ಹೊರಗೆ ಕಾಣುತ್ತಿತ್ತು.

ಹತ್ತನೆಯ ದಿನ ಗಂಡ ಮೀಟಿಂಗಿನ ಮಧ್ಯೆ ಎದ್ದು ಬಂದರು. ದೇವರ ಗೂಡಿನ ಕಡೆ ತಿರುಗಿಯೂ ನೋಡದ ಮನುಷ್ಯ.

"ಕೆಳಗಡೆ ಯಾರೋ ಹೂ ಕದೀತಿದಾರಂತೆ ಕಣೇ. ಅಸೋಸಿಯೇಷನ್‌ನವ್ರು ಕಾವಲಿಗೆ ಜನ ಕೇಳಿದ್ರು, ನಿನ್ ಹೆಸರು ಕೊಟ್ಟೆ. ಹೇಗೂ ಬೇಗ ಏಳ್ತೀಯಲ್ಲ!"

ಕಳ್ಳಿಯ ಕೈಗೇ ಬೀಗದ ಕೈ!

ಮಾರನೆಯ ಬೆಳಗ್ಗೆ ಮಗಳನ್ನು ಕರೆದುಕೊಂಡು ಗಿಡದೆದುರು ನಿಂತೆ. ಜೊತೆಗೆ ನೆಲಮಹಡಿಯ ವಟನಾಬೆ ಸಾನ್. ಎಂಬತ್ತು ದಾಟಿದ ಒಂಟಿ ಅಜ್ಜಿ, ಆ ಗಿಡ ನೆಟ್ಟವರು. ಅವರ ಮಾತನ್ನು ಏಳು ವರ್ಷದ ನನ್ನ ಮಗಳು ಅನುವಾದಿಸಿದಳು.

"ಅಮ್ಮಾ, ಇದ್ರ ಜ್ಯೂಸ್ ಕುಡಿಯಕ್ಕೆ ಮೆಜಿರೊ ಬರ್ಡ್ಸ್ ಬರ್ತಿದ್ವಂತೆ. ಕೊರೊನಾ ಅಂತ ಮೊಮ್ಮಕ್ಳು ಬರಲ್ವಲ್ಲ, ಅವೇ ಗೆಸ್ಟ್ಸ್ ಅಂತೆ. ಈಗ ಅವೂ ಬರ್ತಿಲ್ವಂತೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಜಗತ್ತೇ ಬಾಗಿಲು ಹಾಕಿಕೊಂಡ ಕಾಲದಲ್ಲಿ ನಾನು ಒಬ್ಬ ಅಜ್ಜಿಯ ಅತಿಥಿಗಳ ಊಟ ಕಿತ್ತುಕೊಂಡಿದ್ದೆ!

ನನ್ನ ಘನ ಕಾವಲಿನಲ್ಲಿ ವಾರವಿಡೀ ಒಂದೇ ಒಂದು ಹೂ ಕಳುವಾಗಲಿಲ್ಲ. ಆಗುವುದಾದರೂ ಹೇಗೆ? ಅಸೋಸಿಯೇಷನ್‌ನವರು ಸೊಂಟ ಬಗ್ಗಿಸಿ ವಂದಿಸಿ ಒಂದು ಪೆಟ್ಟಿಗೆ ಕಿತ್ತಳೆ ಕೊಟ್ಟರು. ಹಕ್ಕಿಗಳೂ ಬಂದವು, ಪುಟ್ಟ ಹಸಿರು ಮೈ, ಕಣ್ಣಿನ ಸುತ್ತ ಬಿಳಿ ಬಳೆ. ವಟನಾಬೆ ಸಾನ್ ಕಣ್ಣೊರೆಸಿಕೊಂಡು ನನಗೆ "ಅರಿಗಾತೋ" ಎಂದು ಧನ್ಯವಾದ ಹೇಳಿದರು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ಹೇಳ್ಬಿಡು ಪುಟ್ಟಿ. ಹೂ ಕಿತ್ತಿದ್ದು ನಾನೇ, ದೇವ್ರಿಗೆ ಅಂತ."

ಅಜ್ಜಿ ಬಗ್ಗಿ ನನ್ನ ಮಗಳ ಹತ್ತಿರ ಏನೋ ಕೇಳಿದರು.

"ಏನಂತೆ? ಪೊಲೀಸ್ ಕರೀತಾರಂತಾ?"

"ಅಲ್ಲಮ್ಮಾ. ದೇವ್ರು ಎಲ್ಲಾ ಜ್ಯೂಸ್ ಕುಡಿದ್ರಾ, ಹೊಟ್ಟೆ ತುಂಬ್ತಾ ಅಂತ."

ಏರಿಸಿದ ಹೂವೆಲ್ಲ ಮರುದಿನವೇ ಕಸದ ಚೀಲ ಸೇರಿತ್ತು. ಅಜ್ಜಿ ಕಣ್ಣರಳಿಸಿ ಕಾಯುತ್ತಿದ್ದರು. ತುಂಬಿತು ಎಂದು ಜೋರಾಗಿ ತಲೆಯಾಡಿಸಿಬಿಟ್ಟೆ.

ಕಳ್ಳತನ ಒಪ್ಪಿಕೊಂಡು ಇನ್ನೂ ಎರಡು ನಿಮಿಷ ಆಗಿರಲಿಲ್ಲ, ಆಗಲೇ ಸುಳ್ಳು ಹೇಳಿಯಾಗಿತ್ತು!