ತುಪ್ಪದ ಮಿಳ್ಳೆ ಅತ್ತಿಗೆಯ ಕೈಯಲ್ಲಿ

ಬೆಳಗ್ಗೆ ಬೇಳೆ ಬೇಯಿಸಿ ಹೂರಣ ರುಬ್ಬಿದೆ. ವಾಷರಿಗೆ ಬಟ್ಟೆ ಹಾಕಿದೆ. ಡ್ರೈವ್‌ವೇ ಮೇಲಿನ ಹಿಮ ಗೋರಿ ಹಾಕಿದೆ, ಮಗಳ ಜಡೆ ಹೆಣೆದೆ, ಕಾವಲಿಯ ಹೊಗೆಗೆ ಬೊಬ್ಬೆಯಿಟ್ಟ ಸ್ಮೋಕ್ ಅಲಾರಮ್ಮಿಗೆ ಟವೆಲ್ ಬೀಸಿ ಸಮಾಧಾನ ಮಾಡಿದೆ. ಇಷ್ಟೆಲ್ಲ ಮಾಡಿದವಳಿಗೆ ತುಪ್ಪ ಬಡಿಸುವ ಹಕ್ಕು ಮಾತ್ರ ಇಲ್ಲ! ಸಮರ್‌ಸೆಟ್ಟಿನ ನಮ್ಮ ಮನೆಯಲ್ಲಿ ಮಿಳ್ಳೆ ಯಾವಾಗಲೂ ಅತ್ತಿಗೆಯ ಕೈಯಲ್ಲೇ.

ಅತ್ತಿಗೆ ಎಂದರೆ ನಮ್ಮವರ ಅಕ್ಕ, ನಮ್ಮ ಜೊತೆಯಲ್ಲೇ ಇರುವವರು. ಇಲ್ಲಿ ಕಂಪನಿಗಳು ನೌಕರರ ನಿವೃತ್ತಿ ಖಾತೆಗೆ ತಮ್ಮದೊಂದು ಪಾಲು ಹಾಕುತ್ತವಲ್ಲ, ಅದರಲ್ಲಿ ದೊಡ್ಡ ಸಂಬಳದವರಿಗೆ ಧಾರಾಳ, ಸಣ್ಣವರಿಗೆ ಜಿಪುಣತನ ಆಗಿದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಬೇಕಂತೆ. ಆ ಪರೀಕ್ಷೆ ಇವರ ಉದ್ಯೋಗ. "ಪಂಕ್ತಿವಂಚನೆ ಕಣೇ ಇದು! ನಮ್ಮಜ್ಜಿ ಬೈತಿದ್ದದ್ದನ್ನ ಈ ದೇಶದೋರು ಕಾನೂನು ಮಾಡಿದಾರೆ, ಅಷ್ಟೆ" ಎನ್ನುತ್ತಾರೆ.

ಆಫೀಸಿನದು ಆಫೀಸಿಗೇ ಮುಗಿಯಬಾರದೇ? ಪಿಜ್ಜಾ ತಂದರೆ ಚೀಸು ಯಾರ ತುಂಡಿಗೆ ಹೆಚ್ಚು ಬಂತೆಂಬ ವಿಚಾರಣೆ. ಕನ್ನಡ ಕೂಟದ ಊಟದಲ್ಲಿ ಸಾಲಿನ ಬಾಲದಿಂದ ಬಡಿಸುತ್ತ ಬಂದು, ತಲೆಯಲ್ಲಿ ಕೂತಿದ್ದ ಅಧ್ಯಕ್ಷರಿಗೆ ಖಾಲಿ ಪಾತ್ರೆ ಬಗ್ಗಿಸಿ ತೋರಿಸಿದ್ದರು! "ದಟ್ಸ್ ನಾಟ್ ಫೇರ್, ಅತ್ತೆ!" ಎಂದು ನನ್ನ ಮಗಳು ಕಾಲು ಅಪ್ಪಳಿಸಿದರೆ, "ನೋಡು, ನನ್ನ ಕೆಲಸ ಕಲಿತುಬಿಟ್ಟಳು" ಎಂದು ಹಿಗ್ಗುತ್ತಾರೆ.

ಅದು ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳು ಕೆಡುತ್ತವೆಂಬ ವೈ-ಟು-ಕೆ ಗಲಾಟೆಯ ಕಾಲ. ನಾನು ಹೂರಣ ರುಬ್ಬಿದ ಆ ದಿನ ಊಟಕ್ಕೆ ಬಂದವರು ನಮ್ಮವರ ಕಂಪನಿಯ ಮಾಲೀಕರು, ಕನ್ನಡದವರೇ. ನಮ್ಮ ಗ್ರೀನ್ ಕಾರ್ಡ್ ಅರ್ಜಿ ಅವರ ಸಹಿಗೆ ಕಾದು ಕೂತಿತ್ತು. ಅವರ ಕಂಪನಿಯ ನಿವೃತ್ತಿ ಪ್ಲಾನು ಪರೀಕ್ಷೆಗೆ ಬಂದದ್ದು ಯಾರ ಟೇಬಲ್ಲಿಗೆ? ಅತ್ತಿಗೆಯ ಟೇಬಲ್ಲಿಗೇ! ಫೇಲೂ ಆಗಿತ್ತು. ಮಾಲೀಕರು ತಮಗೂ ಹೆಂಡತಿಗೂ ಸೌಟಿನಲ್ಲಿ, ಫೋನೆತ್ತುವ ಹುಡುಗಿಗೂ ಪೆಟ್ಟಿಗೆ ಹೊರುವವನಿಗೂ ಚಮಚದಲ್ಲಿ ಹಾಕಿದ್ದರು.

"ಅಕ್ಕಾ, ಇವತ್ತೊಂದಿನ ಬಾಯಿ ಮುಚ್ಕೊಂಡಿರೇ" ಎಂದು ನಮ್ಮವರು ಮೊದಲೇ ಬೇಡಿಕೊಂಡಿದ್ದರು. ಆದರೆ ಮಾತು ತೆಗೆದವರು ಮಾಲೀಕರೇ.

"ಮೇಡಂ, ನೀವು ನಮ್ಮೋರೇ. ಸ್ವಲ್ಪ ಅಡ್ಜಸ್ಟ್ ಮಾಡಿ ಪಾಸ್ ಮಾಡಿಬಿಡಿ."

"ನನ್ನ ಕೈಲಿ ಅಡ್ಜಸ್ಟ್ ಆಗೋದು ಕಾರಿನ ಸೀಟೊಂದೇ ಸಾರ್. ಫೋನಿನ ಹುಡುಗಿಗೂ ಪೆಟ್ಟಿಗೆ ಹೊರೋನಿಗೂ ಹೆಚ್ಚು ಹಾಕಿ, ತಾನೇ ಪಾಸಾಗತ್ತೆ."

ನಮ್ಮವರಿಗೆ ತುತ್ತು ನೆತ್ತಿಗೇರಿ ಕೆಮ್ಮು ಹತ್ತಿತು. ಅತ್ತಿಗೆ ಮಿಳ್ಳೆ ಎತ್ತಿಕೊಂಡು ಮಗಳಿಂದ ಶುರುಮಾಡಿದರು. ಆಮೇಲೆ ನಾನು, ನಮ್ಮವರು. ಮಾಲೀಕರ ಹೋಳಿಗೆಗೆ ಬಿದ್ದದ್ದು ಒಂದೇ ಹನಿ!

ಅವರು ಆ ಹನಿಯನ್ನೇ ನೋಡುತ್ತ ಕೂತರು. "ನಮ್ಮಪ್ಪ ಮದುವೆ ಮನೆ ಅಡುಗೆಯವರು. ನಾನು ಕೊನೇ ಎಲೇಲೇ ಕೂತು ಬೆಳೆದೋನು. ತುಪ್ಪ ನನ್ನ ಹತ್ರ ಬರೋ ಹೊತ್ತಿಗೆ ಹೀಗೇ ಇರ್ತಿತ್ತು" ಎಂದರು. ಆಮೇಲೆ, "ಹಾಕ್ತೀನಿ ಮೇಡಂ. ನಿಮ್ಮ ತಮ್ಮನ ಪೇಪರ್ಸಿಗೂ ನಾಳೆ ಸೈನ್ ಹಾಕ್ತೀನಿ, ಪಾಪ, ನೀರು ಕುಡಿಯೋಕೆ ಹೇಳಿ."

ಹೊರಡುವಾಗ ನಗುತ್ತಲೇ ಕೇಳಿದರು: "ಅಂದ ಹಾಗೆ, ನಿಮಗೆ ನಿಮ್ಮ ಆಫೀಸ್ನೋರು ಎಷ್ಟು ಹಾಕ್ತಾರೆ?"

"ನಾನು ಪಾರ್ಟ್ ಟೈಮು ಸಾರ್. ಆ ಪಂಕ್ತೀಲಿ ನನ್ನ ಎಲೇನೇ ಇಲ್ಲ."

ಪಾರ್ಟ್ ಟೈಮಿನವರನ್ನು ಲೆಕ್ಕಕ್ಕೆ ಬಿಡಬಹುದಂತೆ, ಕಾನೂನೇ ಹಾಗಂತೆ. ಎಷ್ಟು ಹಗುರವಾಗಿ ಹೇಳಿದರು! ಇಷ್ಟು ವರ್ಷವೂ ಇದೇ ಮನೆಯಲ್ಲಿದ್ದ ನಮಗೇ ಗೊತ್ತಿರಲಿಲ್ಲ. ಬಡಿಸುತ್ತಿದ್ದ ಅವರದಿನ್ನೂ ಊಟವಾಗಿರಲಿಲ್ಲ, ಮಿಳ್ಳೆಯೂ ಬರಿದಾಗಿತ್ತು. ನಾನು ಹೊಸ ಬೆಣ್ಣೆ ಕಾಯಿಸಿ, ಅವರನ್ನು ಮಾಲೀಕರು ಕೂತಿದ್ದ ಕುರ್ಚಿಯಲ್ಲೇ ಕೂರಿಸಿ, ಹೋಳಿಗೆ ಮುಳುಗುವಷ್ಟು ಸುರಿದೆ.

"ಏ, ಇದು ಪಂಕ್ತಿವಂಚನೆ!"

"ಫೇಲ್ ಮಾಡಿ, ಅತ್ತಿಗೆ."

ಎರಡು ಹೋಳಿಗೆ, ಒಬ್ಬಟ್ಟಿನ ಸಾರು, ಅನ್ನ. ಊಟವಾದ ಮೇಲೆ ಸೋಫಾದಲ್ಲಿ ಮೊದಲು ನಿದ್ದೆಹೋದವರು ಅವರೇ. ಕನ್ನಡಕ ತೆಗೆದಿಟ್ಟು, ಶಾಲು ಹೊದಿಸಿದೆ.